ಒಳಗೆ ಹಿಡಿದ ಹೊಲಿಗೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿಲ್ಲ ಅನ್ನುತ್ತಾರೆ. ಆ ಹುಣ್ಣಿನ ಮೇಲೆ ನಾವೇ ಚೆಂದದ ಬಟ್ಟೆ ಸುತ್ತಿಟ್ಟರೆ ಕನ್ನಡಿಯಾದರೂ ಏನು ಮಾಡೀತು?

ಟೈಲರಮ್ಮನ ಮಗಳನ್ನು ಚಿಕ್ಕಂದಿನಲ್ಲಿ ಬೀದಿಗೆ ಬೀದಿಯೇ ಗುಂಡಮ್ಮ ಅನ್ನುತ್ತಿತ್ತು. ಅಮ್ಮನೂ ಜೊತೆಗೆ ನಗುತ್ತಿದ್ದಳು. ಈಗ ಹುಡುಗಿ ಕಾಲೇಜು ಸೇರಿದ್ದಾಳೆ; ಆ ಹೆಸರು ಉಳಿದಿದೆ, ಮೈ ಉಳಿದಿಲ್ಲ. ತಟ್ಟೆಯ ಮುಂದೆ ಕೂತು ತುತ್ತನ್ನು ಅತ್ತಿತ್ತ ತಳ್ಳುತ್ತಾಳೆ, ಗೆಳತಿಯ ಮನೆಯಲ್ಲಿ ಉಂಡೆ ಅನ್ನುತ್ತಾಳೆ. ತಿನ್ನೋಕೆ ಏನು ರೋಗ ನಿನಗೆ ಎಂದು ಅಮ್ಮ ಗದರಿದ್ದೇ ಗದರಿದ್ದು. ಕೊನೆಗೆ ಸರ್ಕಾರಿ ಆಸ್ಪತ್ರೆಯ ಮುದಿ ಡಾಕ್ಟರು, ಇದು ಹಟವಲ್ಲ ತಾಯಿ, ನಿಜವಾಗಿಯೂ ರೋಗವೇ, ದಪ್ಪಗಾಗುವ ಭಯ ಹುಟ್ಟಿಸಿ ಊಟ ಬಿಡಿಸುವಂಥದು, ಹೃದಯ ಆಗಲೇ ಸೋಲುತ್ತಿದೆ ಅಂದರು. ಇದಕ್ಕೆ ವಾರ್ಡಿಲ್ಲ, ಕಲಿತವರಿಲ್ಲ, ನಮ್ಮ ಮಕ್ಕಳಿಗೆ ಯಾವ ಚಿಕಿತ್ಸೆ ಹಿಡಿಸುತ್ತದೆಂದು ಯಾರೂ ಸಂಶೋಧನೆ ಮಾಡಿಲ್ಲ ಎಂದೂ ಒಪ್ಪಿಕೊಂಡರು. ಆರೋಗ್ಯ ಇಲಾಖೆಯ ಕಾರ್ಯದರ್ಶಿಯನ್ನು ಕೇಳಿ, ಮಗಳನ್ನೂ ಕರೆದುಕೊಂಡು ಹೋಗಿ, ಕಣ್ಣಾರೆ ಕಂಡರೆ ಅವರ ಮನಸ್ಸು ಕರಗೀತು ಎಂದು ಹೇಳಿ ಕಳಿಸಿದರು.

ಗಿರಾಕಿಯ ಕುಂದು ಮುಚ್ಚುವುದೇ ಟೈಲರಮ್ಮನ ಕಸುಬು. ಇಳಿದ ಭುಜಕ್ಕೆ ಪ್ಯಾಡು, ಸಪಾಟು ಬೆನ್ನಿಗೆ ನೆರಿಗೆ. ಮಗಳ ಅಳತೆ ತೆಗೆಯುವಾಗಲೆಲ್ಲ ಟೇಪಿನ ತುದಿ ಇನ್ನಷ್ಟು ಜೋತುಬೀಳುತ್ತಿತ್ತು. ನೋಡಿದವರು ಆಡಿಕೊಂಡಾರೆಂದು ಅಮ್ಮ ಹೊಲಿಗೆಯನ್ನು ಒಳಗೆ ಹಿಡಿಯುತ್ತ, ಹತ್ತಿಯ ಒಳಪದರ ಕೊಡುತ್ತ ಬಂದಿದ್ದಳು. ದೊಡ್ಡವರ ಮುಂದೆ ಹೇಗೆ ಹೇಗೋ ಹೋಗಲಾದೀತೆ? ಆವತ್ತು ಮಗಳಿಗೆ ಹೊಸ ಕೋಟು ಇಸ್ತ್ರಿ ಮಾಡಿ ತೊಡಿಸಿದಳು. ಬುದ್ಧಿ ಮಂಕಾಗಿದ್ದು ಅಲ್ಲೇ.

ಕಾರ್ಯದರ್ಶಿ ಒರಟು ಮನುಷ್ಯನೇನಲ್ಲ. ಕೂರಲು ಹೇಳಿ, ಇಂಥವರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿದರು. ಟೈಲರಮ್ಮನಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಲೆಕ್ಕವಿಲ್ಲದ ರೋಗಕ್ಕೆ ವಾರ್ಡು ಕೊಡಲಾಗದಂತೆ. ವಾರ್ಡಿಲ್ಲದೆ ಲೆಕ್ಕ ಹುಟ್ಟುವುದು ಎಲ್ಲಿಂದ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಆಮೇಲೆ ಅವರು ಹುಡುಗಿಯ ಕಡೆ ತಿರುಗಿದರು.

“ಲಕ್ಷಣವಾಗೇ ಇದ್ದಾಳಲ್ಲಮ್ಮ. ಸುಮ್ಮನೆ ಹೆದರ್ಕೊಂಡಿದೀರಿ.”

ಮಗಳು ನಕ್ಕಳು. ಟೈಲರಮ್ಮ ಆ ನಗುವನ್ನು ಗುರುತಿಸಿದಳು. ಅದು ಗೆದ್ದವರ ನಗು. ಗೆದ್ದದ್ದು ಮಗಳಲ್ಲ, ಅವಳೊಳಗೆ ಕೂತು ಅವಳನ್ನು ತಿನ್ನುತ್ತಿದ್ದ ರೋಗ. ಅದಕ್ಕೆ ಅಡಗಿಕೊಳ್ಳಲು ಮನೆ ಕಟ್ಟಿಕೊಟ್ಟವಳು ತಾನೇ. ಅದೂ ಅಳತೆ ತಪ್ಪದ ಕೈಹೊಲಿಗೆ ಹಾಕಿ.

ಚೀಲದಿಂದ ಪುಟ್ಟ ಕತ್ತರಿ ತೆಗೆದಳು. ಮಗಳು ಕೋಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

“ತಪ್ಪು ನಂದು, ಮಗಳೇ. ಮುಚ್ಚಿದೋಳು ನಾನು. ಬಿಚ್ಚಲಾ?”

ಹುಡುಗಿ ತಲೆಯಾಡಿಸಿ ಬೇಡ ಅಂದಳು. ಫ್ಯಾನು ತಿರುಗುತ್ತಿತ್ತು, ಕಾರ್ಯದರ್ಶಿ ಗಡಿಯಾರ ನೋಡಿದರು. ಆಮೇಲೆ, ಏನನಿಸಿತೋ, ಅವಳು ಅಳತೆ ಕೊಡುವಾಗಿನ ಹಾಗೆ ನಿಧಾನವಾಗಿ ತೋಳೆತ್ತಿ ನಿಂತಳು.

ಕತ್ತರಿ ಪಕ್ಕದ ಹೊಲಿಗೆಯುದ್ದಕ್ಕೂ ಹರಿಯಿತು. ಹತ್ತಿಯ ಪದರಗಳು ಫೈಲುಗಳ ಮೇಲೆ ಬಿದ್ದವು. ಗೂಟಕ್ಕೆ ನೇತುಹಾಕಿದ ಬಟ್ಟೆಯಂತೆ ಕೋಟು ಜೋತುಬಿತ್ತು. ಒಳಗಿನ ತೆಳು ಅಂಗಿಯಡಿ ಪಕ್ಕೆಲುಬುಗಳು ಎದ್ದು ಕಂಡವು. ಹುಡುಗಿ ಚಳಿಗೆ ಗಡಗಡ ನಡುಗಿದಳು, ಕಾರ್ಯದರ್ಶಿಯೇ ಎದ್ದು ಫ್ಯಾನು ಆರಿಸಿದರು. ಅವರ ಬಾಯಿಂದ ಬಂದ ಮಾತು ಮಾತ್ರ, ವಾರ್ಡನ್ನು ಮುಂದಿನ ಬಜೆಟ್ಟಿನಲ್ಲಿ ಖಂಡಿತ ಸೇರಿಸೋಣ ಅನ್ನುವುದು.

ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟು, ಮಗಳನ್ನು ಕುರ್ಚಿಯಲ್ಲಿ ಕೂರಿಸಿ ತಾನೂ ಕೂತಳು.

“ಅಲ್ಲೀವರೆಗೆ ಇವಳ ಬಟ್ಟೇನ ಯಾವ ಅಳತೆಗೆ ಹೊಲೀಲಿ, ಸಾರ್?”

ಜವಾನ ಬಾಗಿಲು ತೆರೆದು ಮುಂದಿನವರನ್ನು ಕರೆದ. ತಾಯಿ ಮಗಳು ಇಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.