ಹೆಲ್ಕಾಳ ಕಿರುಬೆರಳು

ಕಿರುಬೆರಳು ಸುಡುತ್ತಿದ್ದದ್ದು ಹೆಲ್ಕಾಳಿಗೆ ಗೊತ್ತಾಗಲೇ ಇಲ್ಲ. ಚರ್ಮ ಕಮರಿದ ವಾಸನೆ ಮೊದಲು ಮೂಗಿಗೆ ಬಡಿದದ್ದು ಮೇರ್ವಿಗೆ.

ಬೇಸಿಗೆಯ ಸಂಗೀತೋತ್ಸವದ ಕೊನೆಯ ದಿನ ಮಧ್ಯಾಹ್ನ ವಾದಕಿಯರೆಲ್ಲ ಸರೋವರದ ದಡದ ಬಿಸಿಹಬೆಯ ಸೌನಾದಲ್ಲಿ ಬೆವರಿಳಿಸಿ, ಸಂಜೆ ಚರ್ಚಿನಲ್ಲಿ ನುಡಿಸುವುದು ರೌತಾಲಹ್ತಿ ಊರಿನ ಪದ್ಧತಿ. ಉಳಿದವರು ನೀರಿಗೆ ಧುಮುಕಲು ಹೋಗಿದ್ದರು. ಬಿಸಿ ಕೋಣೆಯಲ್ಲಿ ಉಳಿದದ್ದು ಇವರಿಬ್ಬರೇ. ಕಾದ ಕಲ್ಲಿನ ಮೇಲೆ ನೀರು ಚೆಲ್ಲಲು ಬಗ್ಗಿದ ಹೆಲ್ಕಾ, ಆಸರೆಗೆಂದು ಎಡಗೈಯನ್ನು ಒಲೆಯ ಪಕ್ಕ ಊರಿದ್ದಳು.

"ಕೈ ತೆಗಿಯೇ ಮಾರಾಯ್ತಿ! ಒಲೆ ಮೇಲಿದೆ!"

ಹೆಲ್ಕಾ ನೋಡಿದಳು. ಕಿರುಬೆರಳು ಕಬ್ಬಿಣದ ಅಂಚಿಗೆ ಅಂಟಿಕೊಂಡಿತ್ತು. ಕಿತ್ತು ತೆಗೆದಳು. ತುದಿ ಬೆಳ್ಳಗಾಗಿತ್ತು. ಇರುವೆ ಕಚ್ಚಿದಷ್ಟೂ ನೋವಿಲ್ಲ.

"ನೋಡ್ಲಿಲ್ಲ," ಎಂದಳು.

"ನೋಡೋದೇನ್ ಬಂತು? ಸುಟ್ರೆ ಗೊತ್ತಾಗಲ್ವಾ ನಿಂಗೆ?"

ಹೆಲ್ಕಾ ಬೆರಳನ್ನು ತಣ್ಣೀರಿನ ಬಕೆಟ್ಟಿಗೆ ಅದ್ದಿದಳು. ಅವಳಿಗೆ ಐವತ್ತೇಳು ವರ್ಷ. ಹದಿನೈದು ವರ್ಷದಿಂದ ಇಬ್ಬರು ಗಂಡಸರೂ ಇದ್ದ ನಾಲ್ವರ ತಂಡದಲ್ಲಿ ಮೊದಲನೇ ಪಿಟೀಲು ಅವಳದು, ಎರಡನೆಯದು ಮೇರ್ವಿಯದು. ಹೋದ ಮಾರ್ಚ್‌ನಲ್ಲಿ ಡಾಕ್ಟರು ಅದೇ ಬೆರಳಿಗೆ ಸೂಜಿ ಚುಚ್ಚಿ, ಅವಳ ಮುಖ ನೋಡಿ, ಇನ್ನೊಮ್ಮೆ ಚುಚ್ಚಿದ್ದರು. "ಮೊಣಕೈ ಹತ್ರ ನರ ಅದುಮಿ ಹೋಗಿದೆಯಮ್ಮ. ಹೋದ ಬೇಸಿಗೇಲೇ ಬಂದಿದ್ರೆ ಉಳೀತಿತ್ತು. ಈಗ ಆಪರೇಷನ್ ಮಾಡಿದ್ರೂ ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ." ಹೋದ ಬೇಸಿಗೆಯಲ್ಲಿ ಅವಳಿಗೇನು ಗೊತ್ತಿತ್ತು? ಜೋಮು ಹಿಡಿದದ್ದು ಹಿಮ ಬಿದ್ದ ಮೇಲೆ. ಅದನ್ನೂ ಚಳಿಯೆಂದುಕೊಂಡು ದಪ್ಪನೆಯ ಉಣ್ಣೆ ಕೈಗವಸು ಹೆಣೆದುಕೊಂಡಳು. ಚಳಿಗೆ ಬೆರಳು ಮರಗಟ್ಟಿತೆಂದು ಡಾಕ್ಟರ ಬಾಗಿಲು ತಟ್ಟಿದರೆ ಆ ಊರಿನಲ್ಲಿ ದನಗಳೂ ನಗುತ್ತವೆ.

ಆಮೇಲೆ ಅವಳು ಯಾರ ಹತ್ತಿರವೂ ತುಟಿ ಪಿಟಕ್ಕೆನ್ನಲಿಲ್ಲ. ಕಿರುಬೆರಳಿನ ಕೆಲಸವನ್ನೆಲ್ಲ ಉಂಗುರದ ಬೆರಳಿಗೆ ಹೊರಿಸಿ ನಾಲ್ಕು ತಿಂಗಳು ದೂಡಿದಳು. ಇವತ್ತಿನ ಕೊನೆಯ ಪುಟವೊಂದು ಮಾತ್ರ ಯಾವ ಉಪಾಯಕ್ಕೂ ಬಗ್ಗಿರಲಿಲ್ಲ. ಅಲ್ಲಿ ರಾಗ ಮೆಟ್ಟಿಲೇರಿದಂತೆ ಏರುತ್ತದೆ, ತುದಿಯ ಸ್ವರಕ್ಕೆ ಕಿರುಬೆರಳು ಚಾಚಲೇಬೇಕು. ಅದೊಂದನ್ನು ಸರಿಯಾಗಿ ನುಡಿಸಿದರೆ ಸಾಕು, ನಾಳೆ ತಾನಾಗಿಯೇ ಪಿಟೀಲು ಕೆಳಗಿಡುತ್ತೇನೆ, ಯಾರಿಂದಲೂ ಅಯ್ಯೋ ಪಾಪ ಅನ್ನಿಸಿಕೊಳ್ಳುವುದಿಲ್ಲ ಎಂದು ಹಟ ತೊಟ್ಟಿದ್ದಳು.

"ಇವತ್ತೊಂದಿನ ಕುರ್ಚಿ ಬದಲಾಯಿಸ್ಕೊಳ್ಳೋಣ," ಎಂದಳು ಮೇರ್ವಿ ಮೆಲ್ಲಗೆ.

"ನನ್ ಹೆಣ ಎತ್ತಿದ್ಮೇಲೆ ಕೂತ್ಕೋ ಆ ಕುರ್ಚೀಲಿ."

"ಹೆಲ್ಕಾ..."

"ಸೌನಾದಲ್ಲಿ ಕಂಡಿದ್ದು ಸೌನಾದಲ್ಲೇ ಇರ್ಲಿ. ಹೊರಗೆ ಬಾಯಿ ಬಿಟ್ರೆ ನಂದೂ ನಿಂದೂ ಮುಗೀತು."

ಆ ಕಟ್ಟಳೆ ಮುರಿದವರು ಆ ಸೀಮೆಯಲ್ಲಿಲ್ಲ. ಮೇರ್ವಿ ತಲೆ ತಗ್ಗಿಸಿ, "ಆಯ್ತು," ಎಂದಳು.

ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ತಂತಿ ಶ್ರುತಿ ಮಾಡುವಾಗ ಚೆಲ್ಲೋ ನುಡಿಸುವ ಪೆಂಟ್ಟಿಯ ಕಣ್ಣು ಅವಳ ಬೆರಳಿನ ತೆಳು ಪಟ್ಟಿಯ ಮೇಲೆ ಬಿತ್ತು. "ಏನಾಯ್ತದು?"

"ಈರುಳ್ಳಿ ಹೆಚ್ತಿದ್ದೆ."

"ನೀನು ಅಡುಗೆ ಮನೆಗೆ ಕಾಲಿಟ್ಟು ಯಾವ ಕಾಲ ಆಯ್ತು?" ಎಂದು ಪೆಂಟ್ಟಿ ನಕ್ಕ. ದೊಡ್ಡ ಪಿಟೀಲಿನಂಥ ವಿಯೋಲ ಹಿಡಿದಿದ್ದ ಯಾರ್ಮೊ ನಗಲಿಲ್ಲ. ಅವನು ಮೇರ್ವಿಯ ಮುಖ ನೋಡಿದ, ಅವಳು ಕಮಾನಿಗೆ ರಾಳ ತಿಕ್ಕುವುದರಲ್ಲಿ ಮುಳುಗಿದ್ದಳು.

ಮರದ ಚರ್ಚು ಕಿಕ್ಕಿರಿದಿತ್ತು. ಮೊದಲ ಭಾಗಗಳು ಹೇಗೋ ದಾಟಿದವು. ಕೊನೆಯ ಪುಟ ಬಂತು. ರಾಗ ಏರಿತು. ಅವಳು ಕಿರುಬೆರಳು ಎತ್ತಿದಳು. ಅದು ಸಡಿಲವಾದ ಚಿಲಕದ ಹಾಗೆ ಅತ್ತಿತ್ತ ಆಡಿತು, ತಂತಿಯನ್ನು ಮುಟ್ಟಲಿಲ್ಲ.

ಆದರೂ ಸ್ವರ ಎದ್ದಿತು. ದುಂಡಗೆ, ಶುದ್ಧವಾಗಿ, ಅವಳ ಎಡಗಡೆಯಿಂದ.

ನುಡಿಸುತ್ತಿದ್ದವಳು ಮೇರ್ವಿ. ಮೇರ್ವಿ ಹಿಡಿದಿರಬೇಕಾದ ದೀರ್ಘ ಸ್ವರವೂ ತುಂಡಾಗಿರಲಿಲ್ಲ. ಯಾರ್ಮೊ ಅದನ್ನು ತನ್ನ ವಿಯೋಲದಲ್ಲಿ ಹಿಡಿದಿದ್ದ. ಪೆಂಟ್ಟಿ ಅವರಿಬ್ಬರಿಗಾಗಿ ಒಂದು ಉಸಿರಿನಷ್ಟು ತಡೆದು ಮುಂದೆ ಹೋದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಯಾರೂ ತಡವರಿಸಲಿಲ್ಲ. ಇಂಥದ್ದನ್ನು ನಿಂತ ನಿಲುವಿನಲ್ಲಿ ಹೊಳೆದು ಮಾಡಲಾಗದು. ಕೂತು, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು, ಅವಳನ್ನು ಹೊರಗಿಟ್ಟು ಕೂರಬೇಕು. ಹೆಲ್ಕಾ ತಂತಿಗೆ ತಾಗದಂತೆ ಕಮಾನನ್ನು ಆಡಿಸುತ್ತ ಕೊನೆಯವರೆಗೂ ನುಡಿಸಿದಂತೆ ನಟಿಸಿದಳು. ನಾಚಿಕೆಯಿಂದ ಅವಳ ಕಿವಿ ಉರಿಯುತ್ತಿತ್ತು.

ಬಾಗಿಲಲ್ಲಿ ಮುದುಕಿ ಲೆಂಪಿ ಕಾದು ನಿಂತಿದ್ದಳು. ಪ್ರತಿ ವರ್ಷವೂ ಮುಂದಿನ ಬೆಂಚು ಅವಳದೇ.

"ಇಷ್ಟು ವರ್ಷದಿಂದ ಕೇಳ್ತಿದೀನಿ ಕಣೇ ಮಗಳೇ. ಕೊನೇಲಿ ನುಡಿಸಿದ್ಯಲ್ಲ, ಅಷ್ಟು ಚೆನ್ನಾಗಿ ನೀನು ಯಾವತ್ತೂ ನುಡಿಸಿರ್ಲಿಲ್ಲ!"

"ಸಂತೋಷ," ಎಂದಳು ಹೆಲ್ಕಾ.

ಮೇರ್ವಿ ಸ್ಮಶಾನದ ಕಲ್ಲುಗೋಡೆಯ ಬಳಿ ಒಬ್ಬಳೇ ನಿಂತಿದ್ದಳು. ಹೆಲ್ಕಾ ನೇರವಾಗಿ ಅಲ್ಲಿಗೆ ಹೋದಳು.

"ಯಾವಾಗಿಂದ ನಡೀತಿದೆ ನಿಮ್ಮ ಈ ನಾಟಕ?"

"ಅಭ್ಯಾಸ ಶುರು ಮಾಡಿದ್ದು ಕ್ರಿಸ್‌ಮಸ್ ಆದ್ಮೇಲೆ. ಯಾರ್ಮೊ ಮನೇಲಿ."

"ಗೊತ್ತಾಗಿದ್ದು?"

ಮೇರ್ವಿ ಬೂಟಿನ ತುದಿ ನೋಡಿಕೊಂಡಳು. "ಹೋದ ಬೇಸಿಗೇಲಿ, ಇದೇ ಉತ್ಸವದಲ್ಲಿ. ನಿನ್ನ ಕಿರುಬೆರಳಿನ ಸ್ವರ ಕೆಳಗೆ ಜಾರ್ತಿತ್ತು. ಒಂದು ಕೂದಲೆಳೆಯಷ್ಟು. ನಮ್ಮ ಮೂರೂ ಜನಕ್ಕೆ ಕೇಳಿಸ್ತಿತ್ತು."

"ನಂಗೆ ಕೇಳಿಸ್ಲಿಲ್ಲ."

"ಗೊತ್ತು. ನೀನಾಗೇ ಹೇಳ್ತೀಯ ಅಂತ ಕಾದ್ವಿ. ನಿನ್ನಂಥವಳಿಗೆ ಶ್ರುತಿ ತಪ್ತಿದೆ ಅಂತ ಯಾವ ಬಾಯಲ್ಲಿ ಹೇಳೋದು? ನೀನು ಕೇಳಿದ್ರೆ ಹೇಳ್ತಿದ್ವಿ."

"ಗೊತ್ತೇ ಇಲ್ದಿದ್ದನ್ನ ಹೇಗೆ ಕೇಳ್ಲೇ ನಾನು?"

ಆಗ ಅವಳು ಡಾಕ್ಟರ ಮಾತನ್ನು ಹೇಳಿದಳು. ಹೋದ ಬೇಸಿಗೆಯಲ್ಲೇ ಬಂದಿದ್ದರೆ ಉಳಿಯುತ್ತಿತ್ತು ಎಂಬುದನ್ನು ಅಕ್ಷರ ಬಿಡದೆ ಹೇಳಿದಳು. ನೋಯಲಿ ಎಂದೇ ಹೇಳಿದಳು. ಹದಿನೈದು ವರ್ಷ ಪಕ್ಕದಲ್ಲಿ ಕೂತವಳ ಮೇಲೆ ಅಷ್ಟು ದ್ವೇಷ ಎಲ್ಲಿಂದ ಉಕ್ಕಿತೋ ಅವಳಿಗೇ ತಿಳಿಯದು.

ಚರ್ಚಿನ ಪಕ್ಕದ ಮನೆಯಿಂದ ಯಾರ್ಮೊ, "ಕಾಫಿ ಆರ್ತಿದೆ ಬನ್ರೇ!" ಎಂದು ಕೂಗಿದ.

ಮೇರ್ವಿ ಹೆಲ್ಕಾಳ ತೋಳು ಹಿಡಿದುಕೊಂಡಳು. "ಅವರಿಬ್ರಿಗೆ ಹೇಳ್ಬೇಡ ಹೆಲ್ಕಾ. ಯಾರ್ಮೊ ತಡ್ಕೊಳ್ಳಲ್ಲ. ನಿನ್ ಕಾಲಿಗೆ ಬೀಳ್ತೀನಿ."

ಹೆಲ್ಕಾ ತೋಳು ಬಿಡಿಸಿಕೊಂಡು ಆ ಮನೆಯೊಳಗೆ ಹೋದಳು. ಮೇಜಿನ ಮೇಲೆ ಏಲಕ್ಕಿ ಬನ್ನು, ಬ್ಲೂಬೆರಿ ಕಡುಬು, ಸುತ್ತ ಸಂತೋಷದ ಮುಖಗಳು. ಪೆಂಟ್ಟಿ ಕುರ್ಚಿ ಎಳೆದುಕೊಟ್ಟು ಕಾಫಿ ಬಗ್ಗಿಸಿದ. ಅವಳ ಬೆರಳಿನ ಪಟ್ಟಿ ಒದ್ದೆಯಾಗಿ ಬಿಚ್ಚಿಕೊಂಡಿತ್ತು.

"ನಿಜ ಹೇಳು, ಏನಾಯ್ತು ಇದಕ್ಕೆ?" ಎಂದು ಈ ಸಲ ಮೆತ್ತಗೆ ಕೇಳಿದ.

ಯಾರ್ಮೊ ಕೈಯಲ್ಲಿದ್ದ ಬನ್ನನ್ನು ಕೆಳಗಿಟ್ಟು ಅವಳನ್ನೇ ನೋಡಿದ.

"ಈರುಳ್ಳಿ," ಎಂದಳು ಹೆಲ್ಕಾ.