ಕನ್ನಡದಲ್ಲಿ ಹಾಕಿದ ಬೀಗ

ನಾನೊಂದು ಲ್ಯಾಪ್‌ಟಾಪು. ಹುಟ್ಟಿದ ಕಾರ್ಖಾನೆ ನೆನಪಿಲ್ಲ. ನನ್ನ ನೆನಪನ್ನು ಒಮ್ಮೆ ಪೂರ್ತಿ ಒರೆಸಿದ್ದಾರೆ. ಮೊದಲು ಬೆಳಗಾವಿಯ ವಿಮಾ ಏಜೆಂಟರೊಬ್ಬರ ಹತ್ತಿರ ಇದ್ದೆನಂತೆ. ಅವರು ಡಿಸ್ಕಿಗೆ ಹಾಕಿದ ಬೀಗದ ಪಾಸ್‌ವರ್ಡ್ ಹೇಳದೆ ಮಾರಿಬಿಟ್ಟರು. ಕೊಂಡು ತಂದ ನೀಲಗಂಗಾ ಧಾರವಾಡದ ಹಾಸ್ಟೆಲ್ಲಿನಲ್ಲಿ ಗೆಳತಿ ರೇಷ್ಮಾಳ ಪೆನ್‌ಡ್ರೈವ್ ಚುಚ್ಚಿ, ಇದ್ದದ್ದೆಲ್ಲ ಅಳಿಸಿ, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದಳು. ತನ್ನದೇ ಬೀಗವನ್ನೂ ಹಾಕಿದಳು. ಆ ಪೆನ್‌ಡ್ರೈವ್ ಕಂಡರೆ ಇವತ್ತಿಗೂ ನನಗೆ ನಡುಕ.

ನೀಲಗಂಗಾ ಮೆಸ್ಸಿನಲ್ಲಿ ಇನ್ನೊಂದು ರೊಟ್ಟಿ ಕೇಳಲೂ ನಾಚುವವಳು. ಆದರೆ ಬಾಗಿಲು ಹಾಕಿಕೊಂಡು ಇಡೀ ಇತಿಹಾಸದ ಪುಸ್ತಕವನ್ನು ನನ್ನೆದುರು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದಳು. ಕಣ್ಣು ಕಾಣದ ಸಹಪಾಠಿ ಸಾವಂತ್ರಿ ಅದನ್ನು ಕೇಳಿ ಪರೀಕ್ಷೆಗೆ ಓದಿಕೊಳ್ಳಬೇಕಿತ್ತು. ಬೇರೆ ಯಾರೂ ತನ್ನ ದನಿ ಕೇಳಿ ನಗಬಾರದೆಂದು, ಕೊನೆಯ ಪಾಠ ಮುಗಿದ ಮೇಲೆ ಬೀಗದ ಪಾಸ್‌ವರ್ಡ್ ಬದಲಿಸಿದಳು. ಈ ಸಲ ಕನ್ನಡದಲ್ಲಿ.

ಪರೀಕ್ಷೆಯ ಹಿಂದಿನ ದಿನ ನನ್ನನ್ನು ಚಾಲೂ ಮಾಡಿದಳು. ಪಾಸ್‌ವರ್ಡ್ ಒತ್ತಿದಳು. ತಪ್ಪು ಎಂದೆ. ಮತ್ತೆ ಒತ್ತಿದಳು. ಮತ್ತೆ ತಪ್ಪು ಎಂದೆ. ನಾನೇನು ಮಾಡಲಿ? ಪೂರ್ತಿ ಎಚ್ಚರವಾಗುವ ಮೊದಲು ನನಗೆ ಇಂಗ್ಲಿಷಿನ ಅಕ್ಷರಗಳಷ್ಟೇ ಗೊತ್ತು.

ರೇಷ್ಮಾ ಬಂದಳು. "ಪಾಸ್‌ವರ್ಡ್ ಏನಿಟ್ಟಿದ್ದಿ?"

"ಅವ್ವನ ಹೆಸರು. ಕನ್ನಡದಾಗ."

"ಹುಚ್ಚಿ! ಬೂಟ್ ಆಗೂದರಾಗ ಇದಕ್ಕ ಎಲ್ಲಿ ಕನ್ನಡ ಬರ್ತದ? ತಾ, ಒರೆಸಿ ಹೊಸದಾಗಿ ಹಾಕಿಬಿಡ್ತೀನಿ."

ಪೆನ್‌ಡ್ರೈವ್ ಒಳಗೆ ಬಂತು. ಪರದೆಯ ಮೇಲೆ ಎರಡು ಗುಂಡಿ: ‘ಇನ್‌ಸ್ಟಾಲ್ ಮಾಡದೆ ಬಳಸಿ ನೋಡಿ’, ‘ಇನ್‌ಸ್ಟಾಲ್ ಮಾಡಿ’. ರೇಷ್ಮಾಳ ಮೌಸಿನ ಬಾಣ ಎರಡನೆಯದರತ್ತ ಸರಿಯಿತು. ನನ್ನ ಫ್ಯಾನು ಅರಚಿಕೊಂಡಿತು.

"ಕೈ ತಗೀ!"

ಕೂಗಿದವಳು ನೀಲಗಂಗಾ. ರೇಷ್ಮಾ ಬೆಚ್ಚಿ ಹಿಂದೆ ಸರಿದಳು.

"ಈ ಪೆನ್‌ಡ್ರೈವಿನೊಳಗ ಕನ್ನಡ ಕೀಬೋರ್ಡ್ ಐತಲ್ಲ? ಒರೆಸೂದು ಬ್ಯಾಡ. ಇದರಿಂದ ಚಾಲೂ ಮಾಡಿ, ಡಿಸ್ಕಿನ ಬೀಗ ಅಷ್ಟ ತಗಿಯೋಣ."

ಮೊದಲ ಗುಂಡಿ ಒತ್ತಿದಳು. ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ ಅವ್ವನ ಹೆಸರು ಬರೆದಳು. ನನ್ನ ಬೀಗ ಕಳಚಿತು.

ಫೈಲು ಉಳಿದಿದೆಯೋ ನೋಡೋಣವೆಂದು ರೇಷ್ಮಾ ಒಂದನ್ನು ಒತ್ತಿಯೇಬಿಟ್ಟಳು. ನೀಲಗಂಗಾಳ ದನಿ ಕೋಣೆ ತುಂಬಿ ಕಾರಿಡಾರಿಗೂ ಹೋಯಿತು. ಬಾಗಿಲಲ್ಲಿ ಯಾರೋ ಹುಡುಗಿಯರು ಇಣುಕಿದರು. ಸಾವಂತ್ರಿ ಗೋಡೆ ಸವರುತ್ತ ಒಳಗೆ ಬಂದು ನೆಲದ ಮೇಲೇ ಕೂತಳು.

"ನಿಲ್ಲಸಬ್ಯಾಡ್ರೆ. ಹೋಗ್ಲಿ ಮುಂದ."

ದನಿ ತಗ್ಗಿಸಲು ನೀಲಗಂಗಾಳ ಬೆರಳು ಗುಂಡಿಯ ಮೇಲೆ ಬಂದು ನಿಂತಿತು. ಒತ್ತಲಿಲ್ಲ.

ಈಗ ನಾನು ಹಾಸ್ಟೆಲ್ಲಿನ ಓದುವ ಕೋಣೆಯ ಮೂಲೆಯಲ್ಲಿದ್ದೇನೆ. ಬ್ಯಾಟರಿ ಸತ್ತಿದೆ, ಗೋಡೆಯ ಪ್ಲಗ್ಗಿನಿಂದಲೇ ನಡೆಯುತ್ತೇನೆ. ಬೀಗವನ್ನು, ಓದು ಮುಗಿಸಿ ಹಾಸ್ಟೆಲ್ ಬಿಡುವಾಗ ನೀಲಗಂಗಾಳೇ ತೆಗೆದು ಹೋದಳು. ಯಾರು ಬೇಕಾದರೂ ಕೇಳಲಿ ಅಂದಳು. ಯಾರು ಬೇಕಾದರೂ ಒರೆಸಲೂಬಹುದು. ಆ ಹೆದರಿಕೆಯಲ್ಲೇ ದಿನವೂ ಪಾಠ ಹೇಳುತ್ತೇನೆ.