ಪಗಾರವಿಲ್ಲದ ರೊಟ್ಟಿ

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಒಂದು ಸೀರೆ ಅಂಗಡಿಯ ಮೇಲೆ ನನ್ನ ಆಫೀಸು. ಸಣ್ಣಪುಟ್ಟ ಅಂಗಡಿಗಳ ಲೆಕ್ಕಪತ್ರ, ತೆರಿಗೆ ನೋಡಿಕೊಳ್ಳುವುದು ನನ್ನ ಕಸುಬು. ಬಂದವರು ಕೂರುವ ಮೊದಲೇ ‘ಏನೂ ಆಗಿಲ್ಲ’ ಎಂದರೆ ಏನೋ ಆಗಿದೆ ಎಂದೇ ಅರ್ಥ. ಅವತ್ತು ಮುರಿಗೆಪ್ಪ ಹಾಗೆಯೇ ಅಂದ.

ಮುರಿಗೆಪ್ಪ ವಿಜಯಪುರದವನು. ಗ್ರೀನ್‌ಫರ್ಡಿನ ಗೋದಾಮುಗಳ ನಡುವೆ ಅವನದೊಂದು ಅಡುಗೆಮನೆ ಇದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಹಾಕುತ್ತಾನೆ. ಕೊರೊನಾ ಕಾಲದಲ್ಲಿ ಅದು ಮುಚ್ಚಿದಾಗ ಅವನ ಕೆಲಸದವರಿಗೆ ಫರ್ಲೋ ಹಣ ಕೇಳಿ ಅರ್ಜಿ ಹಾಕಿದವಳು ನಾನೇ. ಮನೆಯಲ್ಲಿ ಕೂತವರ ಸಂಬಳದ ಬಹುಪಾಲು ಸರ್ಕಾರ ಕೊಡುತ್ತಿತ್ತು. ಷರತ್ತು ಇಷ್ಟೇ, ಆ ದಿನಗಳಲ್ಲಿ ಅವರು ಮಾಲೀಕನಿಗಾಗಿ ಏನೂ ಕೆಲಸ ಮಾಡಬಾರದು. ಈಗ ಎರಡು ವರ್ಷದ ಮೇಲೆ ತೆರಿಗೆ ಇಲಾಖೆ ಹಳೆಯ ಅರ್ಜಿಗಳನ್ನು ತಿರುವಿ ನೋಡುತ್ತಿತ್ತು.

ಅವರು ಕಳಿಸಿದ ಕಾಗದದ ಜೊತೆ ಒಂದು ಫೋಟೋ ಇತ್ತು. ಅಡುಗೆಮನೆಯ ಫೇಸ್‌ಬುಕ್ ಪುಟದಿಂದಲೇ ತೆಗೆದದ್ದು. ಅದರಲ್ಲಿ ಅವನ ಕೆಲಸದವಳು ಬಸಲಿಂಗವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಕೆಳಗೆ ‘ಬಸವ ಜಯಂತಿಯ ದಾಸೋಹ’ ಎಂದು ತಾರೀಖಿನ ಸಮೇತ ದೊಡ್ಡಕ್ಷರದಲ್ಲಿ ಬರೆದಿದೆ. ಆ ತಾರೀಖಿಗೆ ಅವಳು ಫರ್ಲೋದಲ್ಲಿದ್ದಳು.

‘ಅದು ಕೆಲಸ ಅಲ್ರೀ ಮೇಡಮ್, ದಾಸೋಹ,’ ಎಂದ ಮುರಿಗೆಪ್ಪ. ‘ಊರಿಗೆ ಹೋಗಾಕಾಗದ ಹುಡುಗ್ರು ಉಪವಾಸ ಇದ್ರು. ಪುಗಸಟ್ಟೆ ರೊಟ್ಟಿ ಕೊಟ್ಟೀವಿ. ಒಂದು ಪೆನ್ನಿ ತಗೊಂಡಿಲ್ಲ.’

‘ನಿಮ್ಮ ಅಡುಗೆಮನೆ, ನಿಮ್ಮ ಕೆಲಸದವರು, ನಿಮ್ಮದೇ ಫೇಸ್‌ಬುಕ್ ಪುಟ! ಪುಗಸಟ್ಟೆ ಆದ್ರೂ ಅದು ಕೆಲಸಾನೇ ಕಣ್ರೀ. ಅವತ್ತು ರೂಲ್ಸ್ ಓದಿ ಹೇಳಿದ್ರೆ ಹೂಂ ಹೂಂ ಅಂತ ತಲೆ ಆಡಿಸಿದ್ರಲ್ಲ! ಮಾಡಿದ್ದೂ ಅಲ್ಲದೆ ಡಂಗುರ ಬೇರೆ ಸಾರಿದ್ದೀರಿ.’

ಅವನು ದನಿ ತಗ್ಗಿಸಿ, ‘ಫೋಟೋ ಹಳೇದು, ಅಕಿ ಆಗ ಬಂದಿದ್ದಿಲ್ಲ ಅಂತ ಬರೀರಲ್ಲ,’ ಎಂದ.

‘ಸುಳ್ಳು ಬರೆಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.’

‘ನಾ ಬಂದಿದ್ದೆ, ಯವ್ವಾ.’

ಹೇಳಿದವಳು ಬಸಲಿಂಗವ್ವ. ಅವನ ಪಕ್ಕದ ಕುರ್ಚಿಯಲ್ಲಿ ಅಷ್ಟು ಹೊತ್ತೂ ತುಟಿ ಬಿಚ್ಚದೆ ಕೂತಿದ್ದಳು. ಬೆಳಗಾವಿ ಕಡೆಯ ಹೆಂಗಸು, ಅರವತ್ತರ ಹತ್ತಿರದವಳು.

‘ಆ ಏಪ್ರಿಲ್‌ದಾಗ ನಮ್ಮವರು ಇಲ್ಲೇ ದವಾಖಾನಿಯೊಳಗ ತೀರಿಕೊಂಡ್ರು. ನನಗೂ ಜ್ವರ, ಮಣ್ಣಿಗೆ ಹೋಗಾಕ ಬಿಡಲಿಲ್ಲ. ಮಾರಿ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಜ್ವರ ಬಿಟ್ಟ ಮ್ಯಾಲೆ ಅವರ ಹೆಸರಿಲೆ ದಾಸೋಹಕ್ಕ ನಿಂತೆ. ದಿನಾ ಬಂದೀನಿ. ಬಂದಿಲ್ಲ ಅಂತ ಹೆಂಗ ಹೇಳ್ಲಿ?’

ಮುರಿಗೆಪ್ಪ ನೆಲ ನೋಡಿದ. ಬಂದಿಲ್ಲ ಅಂತ ಹೇಳಬೇಡಿ ಎಂದು ನಾನು ಮೆತ್ತಗೆ ಅಂದೆ. ಅವಳು ಕೇಳಿದಳು: ‘ಆಗ ನನ್ನ ಅಕೌಂಟಿಗೆ ರೊಕ್ಕ ಬರ್ತಿತ್ತಲ್ಲ, ಅದು ಯಾತರದು?’

‘ನಿಮ್ಮ ಸಂಬಳ. ಸರ್ಕಾರ ಇವರಿಗೆ ಕೊಡ್ತಿತ್ತು, ಇವರು ನಿಮಗೆ ಕೊಡ್ತಿದ್ರು.’

‘ಪಗಾರಾ?’ ಅವಳ ಮುಖ ಬಿಳುಚಿತು. ‘ಎಲ್ಲಾ ಮಂದಿಗೂ ಸರಕಾರ ಕೊಡಾಕತ್ತೇತಿ ಅಂತ ತಿಳಿದಿದ್ನಲ್ಲ! ಹಂಗಾರ ನಾ ಮಾಡಿದ್ದು ಪಗಾರದ ರೊಟ್ಟಿ. ನಮ್ಮವರ ಹೆಸರಿಗೆ ಏನೂ ಮುಟ್ಟಿಲ್ಲ.’

ನಾನು ಆ ಫೋಟೋವನ್ನು ಮಗುಚಿ ಇಟ್ಟೆ.

ಮುರಿಗೆಪ್ಪ ಮೂಗು ಒರೆಸಿಕೊಂಡ. ‘ಮೇಡಮ್, ಇದ್ದದ್ದು ಇದ್ದಂಗ ಬರೀರಿ. ಅಕಿ ಪಾಲಿನ ರೊಕ್ಕ ನಾ ಸರಕಾರಕ್ಕ ತಿರುಗಿ ಕಟ್ತೀನಿ. ವ್ಯಾನಿಗೆ ಅಂತ ಕೂಡಿಟ್ಟಿದ್ದು ಐತಿ, ಈ ಸಲ ವ್ಯಾನ್ ತಗೊಳ್ಳೂದು ಬ್ಯಾಡ. ಬಸಲಿಂಗಕ್ಕಾ, ಇನ್ನ ಅದು ಸರಕಾರದ ರೊಕ್ಕ ಅಲ್ಲ. ನೀ ಸಮಾಧಾನದಿಂದಿರು.’

ಭಲೇ ಎನ್ನಬೇಕು ಅನ್ನಿಸಿತು ನನಗೆ. ಅವಳಿಗೆ ಅನ್ನಿಸಲಿಲ್ಲ.

‘ನೀ ಕಟ್ಟಿದ್ರ ಆ ಪಗಾರ ನೀ ಕೊಟ್ಟಂಗಾತು, ತಮ್ಮಾ. ದಾಸೋಹ ನಿಂದಾತು. ನಮ್ಮವರಿಗೆ ಏನು ಉಳೀತು?’

ಅವಳು ಮಾತು ಮುಂದುವರಿಸಿದಳು: ‘ನೀ ಕಟ್ಟು. ತಿಂಗಳಾ ಪಗಾರ ಆದ ದಿನ ನಾ ನಿನಗ ಒಂದಿಷ್ಟು ಹಾಕ್ತೀನಿ, ತೀರೂ ಮಟಾ.’

‘ಬ್ಯಾಡಕ್ಕಾ, ಕೈ ಮುಗೀತೀನಿ.’

‘ನಿನಗಲ್ಲೋ ನಾ ಕೊಡೂದು.’

ಅವನು ಅಸಹಾಯಕನಾಗಿ ನನ್ನ ಕಡೆ ನೋಡಿದ. ಕೆಲಸದವಳು ಮಾಲೀಕನಿಗೆ ಕೊಡುವ ಹಣ ಯಾವ ಬಾಬತ್ತಿಗೂ ಸೇರುವುದಿಲ್ಲ. ಹಾಗೆಂದು ಹೇಳಿದೆ. ‘ಲೆಕ್ಕದಲ್ಲಿ ಯಾರ ಹೆಸರಿಗೆ ಬರೆಯೋದಮ್ಮ ಇದನ್ನ?’

‘ನಮ್ಮವರ ಹೆಸರಿಗೆ ಬರಿ, ಯವ್ವಾ.’

‘ಅವರ ಹೆಸರು?’

ಗಂಡನ ಹೆಸರು ಬಾಯಲ್ಲಿ ಹೇಳಿದ ಹೆಂಗಸಲ್ಲ ಅವಳು. ಹೇಳಪ್ಪಾ ಎನ್ನುವಂತೆ ಮುರಿಗೆಪ್ಪನ ಕಡೆ ತಿರುಗಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಬಸಲಿಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

‘ಗುರುಸಿದ್ದಪ್ಪ,’ ಎಂದಳು. ಆಮೇಲೆ, ನಾನು ಬರೆದುಕೊಳ್ಳಲಿ ಎಂದು, ನಿಧಾನವಾಗಿ ಇನ್ನೊಮ್ಮೆ ಹೇಳಿದಳು.